ಜಟಕನ ಬನಕ್ಕೆ ಇಂಟರ್‌ಲಾಕ್ ಬೇಡ

ಹೊನ್ನಾವರದ ಸುತ್ತ ಈಗ ಹಳ್ಳಿ ಎಲ್ಲಿ ಮುಗಿಯಿತು, ಪೇಟೆ ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗುವುದಿಲ್ಲ. ಹೆದ್ದಾರಿ ಅಗಲವಾಯಿತು, ಗದ್ದೆಗೆ ಮಣ್ಣು ತುಂಬಿ ಸೈಟು ಮಾಡಿದರು. ನಮ್ಮೂರ ದೇವರು ಜಟಕ. ಅವನ ಹೆಸರಲ್ಲಿ ಬಿಟ್ಟ ಮರಗಳ ಬನಕ್ಕೆ ತಾಗಿಕೊಂಡೇ ಮನೆಗಳು ಎದ್ದಿವೆ. ಕಳೆದ ಮೇ ತಿಂಗಳಲ್ಲಿ ಊರವರೆಲ್ಲ ಬನದ ಹತ್ತಿರ ಮೀಟಿಂಗ್ ಸೇರಿದ್ದೆವು. ನಾಲ್ಕು ಮರ ತೆಗೆದು ಇಂಟರ್‌ಲಾಕ್ ಹಾಕಿದರೆ ಕಾರು ನಿಲ್ಲಿಸಲು ಜಾಗವಾಗುತ್ತದೆ ಅನ್ನುವುದು ಕೆಲವರ ಮಾತು.

ಹಿಂದಿನ ದಿನವಷ್ಟೇ ನಾನು ಕರಿಕಾನಮ್ಮ ದೇವಿಯ ಗುಡ್ಡಕ್ಕೆ ಹೋಗಿ ಬಂದಿದ್ದೆ. ಅಲ್ಲಿರುವುದು ಧೂಮ ಎಂಬ ಜಾತಿಯ ಮರಗಳ ಕಾಡು. ಬುಡದಲ್ಲಿ ಕಾಯಿ ಉದುರಿ ಬಿದ್ದಿದ್ದವು. ಒಂದೊಂದಕ್ಕೂ ಎರಡು ಉದ್ದನೆಯ ರೆಕ್ಕೆ, ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು, ನರಗಳು ಎದ್ದು ಕಾಣುತ್ತಿದ್ದವು. ರೆಕ್ಕೆ ಇದ್ದರೂ ಅದು ಜಾಸ್ತಿ ದೂರ ಹೋಗುವುದಿಲ್ಲ. ಬಿದ್ದ ಬೀಜದ ಆಯುಷ್ಯವೂ ಕೆಲವೇ ದಿನ. ಅಷ್ಟರಲ್ಲಿ ತೇವ ಸಿಗಬೇಕು, ಮೊಳೆತ ಸಸಿಗೆ ನೆರಳು ಬೇಕು. ಬೋಳು ಗುಡ್ಡದಲ್ಲಿ ಅದು ಬದುಕುವುದಿಲ್ಲ. ಈ ಮರ ಗುಂಪಾಗಿ ನಿಂತಿದೆ ಅಂದರೆ ಅಲ್ಲಿ ತಲೆತಲಾಂತರದಿಂದ ನೆರಳು ತಪ್ಪಿಲ್ಲ ಅಂತಲೇ ಅರ್ಥ. ಅಮ್ಮನ ಭಯಕ್ಕೆ ಯಾರೂ ಕೊಡಲಿ ಹಾಕಿಲ್ಲ, ಅಲ್ವಾ?

ಮೀಟಿಂಗಿನಲ್ಲಿ ಇದನ್ನೇ ಹೇಳಿದೆ. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಈ ಕಡೆ ತಿರುಗಾಡಿದ ಫ್ರಾನ್ಸಿಸ್ ಬುಕಾನನ್, ಇಲ್ಲಿನ ಕಾಡು ಊರ ದೇವರ ಸ್ವತ್ತು, ಅಪ್ಪಣೆ ಇಲ್ಲದೆ ಮರ ಕಡಿಯುವಂತಿಲ್ಲ ಎಂದು ಬರೆದಿಟ್ಟಿದ್ದನ್ನೂ ಹೇಳಿದೆ.

"ಅದೆಲ್ಲ ಸರಿ ಅಣ್ಣ, ಕರಿಕಾನು ದೊಡ್ಡ ಕಾಡು. ನಮ್ಮ ಬನ ಇರೋದೇ ಅರ್ಧ ಎಕರೆ. ಇಷ್ಟರಲ್ಲಿ ಏನು ಉಳಿಯುತ್ತೆ?" ಎಂದ ಒಬ್ಬ ಹುಡುಗ. ಕೇಳಬೇಕಾದ ಪ್ರಶ್ನೆಯೇ.

ಉತ್ತರ ಕೊಟ್ಟವರು ಗೌಡಜ್ಜ. "ತಮಾ, ಈ ಸುರಗಿ ಮರ ಬಿಟ್ರೆ ಊರಲ್ಲಿ ಬೇರೆ ಸುರಗಿ ಎಲ್ಲದೆ ತೋರ್ಸು. ಬನದ ಕೆಳಗಿನ ಬಾವಿ ಬತ್ತಿದ್ದು ಕಂಡಿದ್ಯಾ? ಆಚೆ ಸೈಟಿನವ್ರು ಟ್ಯಾಂಕರ್ ತರಿಸ್ತಾರೆ."

ಯಾರೂ ಎದುರು ಮಾತಾಡಲಿಲ್ಲ. ದೇವಸ್ಥಾನ ದೊಡ್ಡದು ಮಾಡುವುದೇ ಭಕ್ತಿ ಅಂತ ಎಷ್ಟೋ ಊರುಗಳಲ್ಲಿ ಬನ ಬೋಳಿಸಿದ್ದಾರೆ. ನಮ್ಮ ಜಟಕನಿಗೆ ಸೂರೇ ಇಲ್ಲ. ಮರದ ಬುಡದ ಕಲ್ಲೇ ದೇವರು. ಮರ ಹೋದ ಮೇಲೆ ನಾವು ಯಾರಿಗೆ ಕೈ ಮುಗಿಯುವುದು?

ಕಾರು ಶಾಲೆಯ ಮೈದಾನದಲ್ಲಿ ನಿಲ್ಲಿಸುವುದು ಎಂದು ತೀರ್ಮಾನವಾಯಿತು. ಬನದ ಸರ್ವೆ ಮಾಡಿ ಗಡಿಕಲ್ಲು ಹಾಕಿಸಿಕೊಡಿ ಎಂದು ತಹಶೀಲ್ದಾರರಿಗೆ ಅಲ್ಲೇ ಅರ್ಜಿ ಬರೆದೆವು. ಆ ಹುಡುಗನೇ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬಂದ.