ಟೊಪ್ಪಿ ತೆಗೆಯದ ಬದನೆ ಸಸಿಗಳು

ಮಾಘ ಕಳೆಯುವ ಹೊತ್ತಿಗೆ ಕೋಲಾರದ ನಮ್ಮ ಮನೆಯಲ್ಲಿ ಒದ್ದೆ ಟವೆಲ್ಲು ಒಳಗಿನ ಹಗ್ಗದ ಮೇಲೆಯೇ ಗರಿಗರಿಯಾಗುತ್ತದೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂದು ಕೆರೆಗಳು ತುಂಬಿದವು. ಗಾಳಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿದಂತಿಲ್ಲ. ಇಂಥ ಗಾಳಿಯಲ್ಲಿ ಬದನೆಯ ಒಟ್ಲನ್ನು, ಅಂದರೆ ಸಸಿಮಡಿಯನ್ನು, ಮನೆಯೊಳಗೆ ಹಾಕುವವರು ಕಡಿಮೆ. ನಮಗೆ ಬೇರೆ ದಾರಿಯಿರಲಿಲ್ಲ. ನಮ್ಮ ತಾರಸಿ ಅಂತರಗಂಗೆ ಬೆಟ್ಟದ ಕೋತಿಗಳು ಓಡಾಡುವ ಜಾಗ, ತಿನ್ನುವುದಕ್ಕಿಂತ ಕುಂಡ ಉರುಳಿಸುವುದರಲ್ಲೇ ಅವಕ್ಕೆ ಸುಖ ಹೆಚ್ಚು. ಹಾಗಾಗಿ ಟ್ರೇ ಫ್ರಿಜ್ಜಿನ ಮೇಲೇರಿತು.

ಬೀಜ ಅತ್ತೆಯವರದು. ಗಿಡದಲ್ಲೇ ಹಳದಿಯಾಗಲು ಬಿಟ್ಟ ಕಾಯಿಯನ್ನು ನೀರಿನಲ್ಲಿ ಹಿಸುಕಿ, ತೇಲಿದ್ದನ್ನು ಚೆಲ್ಲಿ, ಮುಳುಗಿದ ಬೀಜಕ್ಕೆ ಬೂದಿ ಬೆರೆಸಿ ನೆರಳಿನಲ್ಲಿ ಒಣಗಿಸಿ ಇಟ್ಟಿದ್ದರು. ಬದನೆಗೆ 25ರಿಂದ 30 ಡಿಗ್ರಿ ಬಿಸಿ ಬೇಕು. ಆ ಚಿಂತೆ ನಮಗಿರಲಿಲ್ಲ. ಟ್ರೇಗೆ ತುಂಬಿದ ಕೋಕೋಪೀಟಿನ, ಅಂದರೆ ತೆಂಗಿನ ನಾರಿನ ಪುಡಿಯ, ಮೇಲ್ಪದರದ್ದೇ ತಲೆನೋವು: ಬೆಳಗ್ಗೆ ಕಪ್ಪಗಿದ್ದದ್ದು ಮಧ್ಯಾಹ್ನಕ್ಕೆ ತಿಳಿಕಂದು. ಕೆಳಗೆ ಬೆರಳಿಟ್ಟರೆ ತೇವ ಇರುತ್ತದೆ, ಆದರೆ ಬೀಜ ಕೂತಿರುವುದು ಅರ್ಧ ಸೆಂಟಿಮೀಟರ್ ಆಳದಲ್ಲಿ, ಒಣಗುವ ಪದರದಲ್ಲೇ. ನೀರು ಕುಡಿದು ಬಿರಿಯತೊಡಗಿದ ಬೀಜ ನಡುವೆ ಒಣಗಿತೆಂದರೆ ಮುಗಿಯಿತು. ಹಾಗೆಂದು ಮೇಲಿನಿಂದ ಸುರಿಯುತ್ತ ಹೋದರೆ ತಳ ಕೆಸರಾಗುತ್ತದೆ.

ನರಸಾಪುರದ ಕಡೆಯ ನರ್ಸರಿಯೊಂದರಲ್ಲಿ ನೋಡಿದ ಕ್ರಮ ನೆನಪಿತ್ತು. 98 ಗುಣಿಗಳ ಟ್ರೇಗಳಿಗೆ ಬೀಜ ಹಾಕಿ, ಒಮ್ಮೆ ನೀರುಣಿಸಿ, ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹಾಳೆ ಸುತ್ತಿಬಿಡುತ್ತಾರೆ. ಮೊಳಕೆ ಕಾಣುವವರೆಗೆ ಅದರ ತಂಟೆಗೇ ಹೋಗುವುದಿಲ್ಲ. ನನ್ನ ಒಂದೇ ಟ್ರೇಗೆ ಸೀರೆಯ ಪಾರದರ್ಶಕ ಕವರ್ ಸಾಕಾಯಿತು.

ಆ ಭಾನುವಾರ ಬೆಳಗ್ಗೆ ಕೊಂಕಿದ ಕತ್ತುಗಳು ಮೇಲೆದ್ದಿದ್ದವು. ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಕವರ್ ಕಿತ್ತು ಮಡಿಸಿಟ್ಟಿದ್ದರು. "ಉಸಿರು ಕಟ್ಟುತ್ತದಮ್ಮ ಅವಕ್ಕೆ," ಎಂದರು. ಅವರ ಮಾತು ಸುಳ್ಳಲ್ಲ. ಮೊಳೆತ ಮೇಲೂ ಮುಚ್ಚಿಟ್ಟರೆ ಪಿಥಿಯಂ ಎಂಬ ಶಿಲೀಂಧ್ರದಂಥ ರೋಗಾಣು ಹತ್ತಿ ಸಸಿ ಬುಡದಲ್ಲೇ ಕೊಳೆತು ಮಲಗುತ್ತದೆ. ಆದರೆ ಆವಿಯಿಂದ ಎದ್ದ ಸಸಿಗಳು ನೇರವಾಗಿ ಫ್ಯಾನಿನ ಕೆಳಗೆ ಬಂದಿದ್ದವು.

"ಫ್ಯಾನ್ ಆರಿಸಲೇ ಅತ್ತೆ?"

"ಬದನೆಗೋಸ್ಕರ ನಾನು ಬೇಯಬೇಕೇನು?"

ಸಂಜೆಗೆ ಕತ್ತುಗಳೇನೋ ನೆಟ್ಟಗಾದವು, ಬೀಜದೆಲೆಗಳು ಬಿಚ್ಚಲಿಲ್ಲ. ಬೀಜದ ಸಿಪ್ಪೆ ಟೊಪ್ಪಿಯಂತೆ ತುದಿಯಲ್ಲೇ ಒಣಗಿ ಬಿಗಿದುಕೊಂಡಿತ್ತು. ತೇವದ ಮಣ್ಣಿನಿಂದ ಏಳುವಾಗ ತಾನಾಗಿ ಕಳಚಬೇಕಾದ ಸಿಪ್ಪೆ ಅದು. ಹಾಗೇ ಬಿಟ್ಟರೆ ಎಲೆ ಬೆಳಕು ಕಾಣದೆ ಹಳದಿಯಾಗಿ ಸಸಿ ಸೊರಗುತ್ತದೆ. ನಾನು ಉಗುರಿನಿಂದ ಎಳೆದು ನೋಡಿದೆ. ಸಿಪ್ಪೆಯೊಡನೆ ಎಲೆಯೂ ಬಂತು.

ಅತ್ತೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ದೇವರ ಮನೆಯಿಂದ ಹೂಬತ್ತಿಗಳನ್ನು ತಂದು, ನೀರಿನಲ್ಲಿ ಅದ್ದಿ, ಒಂದೊಂದು ಸಸಿಯ ತಲೆಗೂ ಒಂದೊಂದು ಎಳೆ ಸುತ್ತಿದರು. ಅರ್ಧ ಗಂಟೆಯಾದ ಮೇಲೆ ಹಿತಕವರೆಯ ಸಿಪ್ಪೆ ಜಾರಿಸುವಂತೆ ಎರಡು ಬೆರಳಿನಲ್ಲಿ ಮೆಲ್ಲಗೆ ಒತ್ತಿದರು. ಸಿಪ್ಪೆ ಅವರ ಬೆರಳಿಗಂಟಿ ಬಂತು, ಎಲೆ ಉಳಿಯಿತು. ಚಳಿಗಾಲವಿಡೀ ಅವರೆ ಹಿತಕಿದ ಕೈ ಅದು. ನನಗೆ ಆ ಹದ ಬರಲಿಲ್ಲ, ಬತ್ತಿ ಅದ್ದಿಕೊಡುವ ಕೆಲಸವಷ್ಟೇ ನನಗೆ. ಬಗ್ಗದ ಕೆಲವಕ್ಕೆ ರಾತ್ರಿ ಮತ್ತೆ ಕವರ್ ಹೊದಿಸಿದೆವು. ಬೆಳಗಾಗುವಷ್ಟರಲ್ಲಿ ಅವುಗಳಲ್ಲಿ ಹೆಚ್ಚಿನವು ತಾವೇ ಬಿಚ್ಚಿಕೊಂಡಿದ್ದವು.

ಈಗ ಟ್ರೇ ಅಡುಗೆಮನೆಯ ಪೂರ್ವದ ಕಿಟಕಿಯಲ್ಲಿದೆ. ನೀರು ಕೆಳಗಿನ ತಟ್ಟೆಗೆ ಮಾತ್ರ, ಬೇರುಗಳೇ ಹೀರಿಕೊಳ್ಳಲಿ. ಕವರ್ ರಾತ್ರಿ ಅರ್ಧ ಹೊದಿಕೆ, ಹಗಲು ಪೂರ್ತಿ ತೆರೆದದ್ದು. ಮಧ್ಯಾಹ್ನ ಅತ್ತೆ ಮಲಗುವಾಗ ನಡುಮನೆಯ ಫ್ಯಾನು ಎಂದಿನ ವೇಗದಲ್ಲೇ ತಿರುಗುತ್ತದೆ, ನನ್ನ ತಕರಾರಿಲ್ಲ. ಅಡುಗೆಮನೆಯ ಬಾಗಿಲು ಹಾಕಿರಬೇಕು, ಅಷ್ಟೇ.