ಹೊಗೆಯ ನೆಪ

ತುಮಕೂರು, 2 ಜೂನ್ 2025, ಸೋಮವಾರ

ಇಂದು ಮೊಮ್ಮಗಳನ್ನು ಮೊದಲ ಬಾರಿಗೆ ಎಲ್‌ಕೆಜಿಗೆ ಬಿಟ್ಟು ಬಂದೆವು. ಗೇಟಿನವರೆಗೂ ನಗುತ್ತಲೇ ನಡೆದವಳು, ಆಯಾ ಕೈ ಚಾಚಿದ್ದೇ ತಡ, ಅಪ್ಪನ ಅಂಗಿಯ ಗುಂಡಿಯನ್ನು ಹಿಡಿದುಕೊಂಡು ಇಡೀ ಎಸ್.ಐ.ಟಿ. ಬಡಾವಣೆಗೆ ಕೇಳಿಸುವಂತೆ ಅತ್ತಳು. ಕಣ್ಣು, ಮೂಗು ಎರಡೂ ಒಟ್ಟಿಗೆ ಸುರಿಯುತ್ತಿದ್ದವು. ಅವಳಿಗೆ ಯಾವ ಸಂಕೋಚವೂ ಇರಲಿಲ್ಲ. ಸಂಕೋಚವೆಲ್ಲ ನಮ್ಮ ಅಳಿಯಂದಿರದು. ಬೈಕಿಗೆ ಕೀಲಿ ಹಾಕುವ ಮೊದಲೇ ಹೆಲ್ಮೆಟ್ ತೊಟ್ಟು, ಅದರ ಗಾಜನ್ನು ಕೆಳಗೆಳೆದುಕೊಂಡು, "ಬರ್ತೀನಿ ಮಾವ, ಆಫೀಸಿಗೆ ಲೇಟಾಯ್ತು" ಎಂದು ಹೊರಟೇಬಿಟ್ಟರು.

ಈ ಮಗು ಹುಟ್ಟಿದ ಹೊಸತರಲ್ಲಿ, ಎಷ್ಟೇ ಚೀರಿದರೂ ಕಣ್ಣಲ್ಲಿ ಹನಿ ಕಾಣದೆ ನನ್ನ ಮಗಳು ಗಾಬರಿಯಾದಾಗ, ಎಳೆಗೂಸುಗಳಿಗೆ ಅಳುವಾಗ ಕಣ್ಣೀರು ಬರಲು ಕೆಲವು ವಾರಗಳೇ ಬೇಕೆಂದು ಡಾಕ್ಟರು ಹೇಳಿದ್ದರು. ದನಿ ಮೊದಲು, ನೀರು ಆಮೇಲೆ. ಬೆಳೆಯುತ್ತ ನಾವು ದನಿಯನ್ನು ಅಡಗಿಸಲು ಕಲಿಯುತ್ತೇವೆ. ನೀರು ಮಾತ್ರ ಹೇಳಿದ ಮಾತು ಕೇಳುವುದಿಲ್ಲವಾದ್ದರಿಂದ ಅದಕ್ಕೊಂದು ನೆಪ ಹುಡುಕಿಕೊಳ್ಳುತ್ತೇವೆ.

ನಮ್ಮ ಅಮ್ಮನ ನೆಪ ಹೊಗೆ. ಸೌದೆ ಒಲೆಯ ಮುಂದೆ ಊದುಕೊಳವೆ ಹಿಡಿದು ಕುಳಿತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಅವಳನ್ನು ನಾವು ಮಕ್ಕಳು ಏನೆಂದು ಒಮ್ಮೆಯೂ ಕೇಳಲಿಲ್ಲ. ಎಸರು ಕುದಿದು, ರಾಗಿಹಿಟ್ಟು ಹಾಕಿ ಕೋಲಿನಲ್ಲಿ ತೊಳಸುವ ಹೊತ್ತಿಗೆ ಬೆಂಕಿ ಕೆಂಡವಾಗಿ ಹೊಗೆ ನಿಂತಿರುತ್ತಿತ್ತು. ಆಗಲೂ ಸೆರಗು ಕಣ್ಣಿಗೆ ಹೋಗುತ್ತಿದ್ದುದೇಕೆ ಎಂಬುದು ನನಗೆ ಹೊಳೆದದ್ದು ಮನೆಗೆ ಗ್ಯಾಸ್ ಬಂದ ಎಷ್ಟೋ ದಿನಗಳ ಮೇಲೆ. ಆಮೇಲೆ ಅವಳಿಗೆ ಉಳಿದದ್ದು ಈರುಳ್ಳಿ.

ಗಂಡುಹುಡುಗರಿಗೆ ಒಲೆಯ ಮುಂದೆ ಜಾಗವಿರಲಿಲ್ಲ. ನಾಲ್ಕು ವರ್ಷದವನಾಗಿದ್ದಾಗ ಎಡವಿ ಬಿದ್ದು ಅತ್ತರೆ, ನನ್ನನ್ನು ಬೀಳಿಸಿದ ತಪ್ಪಿಗೆ ನೆಲಕ್ಕೆ ಎರಡೇಟು ಹಾಕಿ ಸಮಾಧಾನ ಮಾಡುತ್ತಿದ್ದ ಸೋದರಮಾವನೇ, ಹನ್ನೆರಡರಲ್ಲಿ ಅತ್ತಾಗ "ಅಳೋ ಗಂಡಸನ್ನ ನಂಬಬಾರದು ಕಣೋ" ಎಂದ. ಆ ಗಾದೆಯ ಇನ್ನರ್ಧ ನಗುವ ಹೆಂಗಸಿನ ಮೇಲಿದೆ. ಅಳುವನ್ನು ಒಬ್ಬರಿಂದ, ನಗುವನ್ನು ಇನ್ನೊಬ್ಬರಿಂದ ಕಿತ್ತುಕೊಂಡ ಗಾದೆಯದು. ಅದೇ ವರ್ಷ ಹಾಸ್ಟೆಲ್ ಸೇರಿ, ಕಂಬಳಿಯೊಳಗೆ ಬಾಯಿ ಮುಚ್ಚಿಕೊಂಡು ಅಳುವುದನ್ನು ಕಲಿತೆ. ಆದರೆ ಕಣ್ಣಿನ ಒಳಮೂಲೆಯಿಂದ ಮೂಗಿಗೊಂದು ಸಣ್ಣ ನಾಳವಿದ್ದು, ಕಣ್ಣೀರು ಅಲ್ಲಿಗೂ ಇಳಿಯುವುದರಿಂದ, ಬಾಯಿ ಮುಚ್ಚಿದರೂ ಮೂಗು ಗುಟ್ಟು ಬಿಟ್ಟುಕೊಡುತ್ತಿತ್ತು. ಬೆಳಗಾದರೆ ನಮ್ಮ ಕೋಣೆಯಲ್ಲಿ ಎಲ್ಲರಿಗೂ ನೆಗಡಿ.

ಈ ವಿದ್ಯೆ ನನಗೆ ಎಷ್ಟು ಚೆನ್ನಾಗಿ ಒಲಿಯಿತೆಂದರೆ, ಅಪ್ಪ ತೀರಿಕೊಂಡಾಗ ನೆಂಟರ ಊಟ, ವಾಹನಗಳ ವ್ಯವಸ್ಥೆ ಎಂದು ಓಡಾಡಿದೆನೇ ಹೊರತು ಒಂದು ಹನಿಯನ್ನೂ ಹಾಕಲಿಲ್ಲ. ಗಟ್ಟಿ ಮನುಷ್ಯ ಎಂದು ಊರವರು ಹೊಗಳಿದ್ದೂ ಉಂಟು. 2019ರ ಜನವರಿ 21ರಂದು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಅಂತಿಮ ದರ್ಶನದ ಸಾಲಿನಲ್ಲಿ, ಮಠದಲ್ಲಿ ಉಂಡು ಓದಿ ಈಗ ತಲೆ ನರೆತ ಗಂಡಸರು ಯಾವ ನೆಪವನ್ನೂ ಹುಡುಕದೆ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ನನ್ನ ಮುಂದಿದ್ದ ಮುದುಕರೊಬ್ಬರು ಹೆಗಲ ಟವೆಲಿನಲ್ಲಿ ಮುಖ ಒರೆಸಿಕೊಂಡು, ಹಿಂತಿರುಗಿ ನೋಡಿ, ಮಾತಿಲ್ಲದೆ ಅದನ್ನೇ ನನಗೆ ಕೊಟ್ಟರು. ನಾನು ಅಳುತ್ತಿದ್ದೇನೆಂದು ನನಗೆ ತಿಳಿದದ್ದೇ ಆಗ. ಅಷ್ಟೂ ಕಣ್ಣೀರು ಸ್ವಾಮೀಜಿಯವರಿಗಾಗಿಯೇ ಹರಿಯಿತೆಂದು ಹೇಳಿದರೆ ಸುಳ್ಳಾದೀತು.

ಮಧ್ಯಾಹ್ನ ಮೊಮ್ಮಗಳನ್ನು ಕರೆತರಲು ನಾನೇ ಹೋದೆ. ಕೆನ್ನೆಯ ಮೇಲೆ ಒಣಗಿದ ಕಣ್ಣೀರಿನ ಬಿಳಿ ಗೆರೆಗಳಿದ್ದವು. "ಅತ್ತೆಯೇನೇ ಪುಟ್ಟಿ?" ಎಂದೆ. "ಮೂರು ಸಲ ಅತ್ತೆ ತಾತ. ಪಕ್ಕದ ಹುಡುಗ ಎರಡೇ ಸಲ" ಎಂದು ಬೆರಳು ಮಡಿಸಿ ಎಣಿಸಿ ತೋರಿಸಿ, ಗೆದ್ದವಳ ಹಾಗೆ ಬ್ಯಾಗನ್ನು ನನ್ನ ಕೈಗೆ ಕೊಟ್ಟಳು.