ಕೊರಕಲಿನ ನೀರು

ಒಂಬತ್ತನೇ ಕ್ಲಾಸಿಗೆ ಕಂಟಕಚರ್ಮಿಗಳ, ಅಂದರೆ ನಕ್ಷತ್ರಮೀನಿನಂಥ ಮುಳ್ಳುಚರ್ಮದ ಜೀವಿಗಳ ಪಾಠ ಬಂದಾಗಲೆಲ್ಲ ಆ ಶನಿವಾರ ನೆನಪಾಗುತ್ತದೆ.

ಮೇಷ್ಟ್ರಾಗುವ ಮೊದಲು ನಾನು ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಓದಿದವನು. ಎರಡು ವರ್ಷ ಪ್ರಾಜೆಕ್ಟ್ ಕೆಲಸಕ್ಕೆ ಬಂಡೆ ಬಂಡೆ ಅಲೆದು ಕ್ವಾಡ್ರಾಟ್ ಅನ್ನೋ ಚೌಕಟ್ಟು ಇಟ್ಟು, ಅದರೊಳಗೆ ಬಂಡೆಗೆ ಅಂಟಿ ಬದುಕುವ ಚೂಪು ಚಿಪ್ಪಿನ ಬಾರ್ನಕಲ್ ಎಣಿಸಿದ್ದೆ. ಕಡಲು ಶಾಲೆಯಿಂದ ಐದೇ ಕಿಲೋಮೀಟರ್. ಮಕ್ಕಳು ನಕ್ಷತ್ರಮೀನನ್ನು ಬೋರ್ಡ್ ಮೇಲೆ ಯಾಕೆ ನೋಡಬೇಕು, ಅಲ್ವಾ?

ಎಫ್‌ಎ-2 (ವರ್ಷದ ನಡುವಿನ ಎರಡನೇ ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆ ಅಂತ 34 ಮಕ್ಕಳನ್ನು ಕುಮಟಾ ಕಡೆಯ ಬಂಡೆಗಳಿಗೆ ಕರೆದುಕೊಂಡು ಹೊರಟೆ. ಅಮಾವಾಸ್ಯೆ ಕಳೆದು ಮೂರನೇ ದಿನ, ಬೆಳಿಗ್ಗೆ 7.10ಕ್ಕೆ ಕಡಲ ನೀರು ಪೂರ್ತಿ ಇಳಿತ. ಎಚ್‌ಎಂ ಸಹಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಹಿ ಎಲ್ಲ ಆಗಿತ್ತು. ಆ ಫಾರ್ಮಿನಲ್ಲಿ ಊಟಕ್ಕೆ ಕಾಲಂ ಇದೆ, ಫೋಟೋಗೆ ಇದೆ, ನೀರು ಏರುವ ಹೊತ್ತಿಗೆ ಇಲ್ಲ. ಟೆಂಪೋ ತಡವಾಗಿ, ಬಂಡೆ ಮುಟ್ಟಿದಾಗ 8.20. ಅಲ್ಲಿಂದಲೇ ವಾಪಸ್ ಬರಬೇಕಿತ್ತು.

ಕಲ್ಲಿನಡಿ ನಕ್ಷತ್ರಮೀನಿನ ಹತ್ತಿರದ ನೆಂಟ ಬ್ರಿಟಲ್ ಸ್ಟಾರ್ ಸಿಕ್ಕಿತು. ಹಾವಿನ ಮರಿಗಳಂಥ ಐದು ತೆಳು ತೋಳು. "ತೋಳು ಮುರಿದರೆ ಮತ್ತೆ ಬೆಳೆಯುತ್ತೆ, ಆದ್ರೆ ಎತ್ತಿದ ಜಾಗದಲ್ಲೇ ಬಿಡಬೇಕು" ಅಂದೆ. ಮೀನುಗಾರರ ಮನೆಯ ಹುಡುಗಿಯೊಬ್ಬಳು ಹತ್ತಿರ ಬಂದು, "ಸರ್, ಭರತ ಜೋರಾಗ್ತದೆ, ಹೋಗುವ" ಅಂದಳು. ಭರತ ಅಂದರೆ ಕಡಲಿನ ಉಬ್ಬರ. ನಾನು ನೀರು ನೋಡಿದೆ. 20 ನಿಮಿಷದಲ್ಲಿ ಅರ್ಧ ಗೇಣೂ ಏರಿರಲಿಲ್ಲ. "ಟೈಮಿದೆ, ನೋಟ್ಸ್ ಬರ್ಕೋ" ಅಂದುಬಿಟ್ಟೆ.

ಗೊತ್ತಿದ್ದೂ ಮಾಡಿದ ತಪ್ಪು ಅದು. ಇಳಿತದಿಂದ ಭರತಕ್ಕೆ ಸುಮಾರು ಆರು ಗಂಟೆ. ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಆಮೇಲಿನ ಎರಡು ಗಂಟೆಗೆ ಮೂರು ಮೂರು ಪಾಲು. ಶುರುವಿನ ನಿಧಾನ ನೋಡಿ ಲೆಕ್ಕ ಹಾಕಬಾರದು. ಒಬ್ಬನೇ ಇದ್ದಾಗ ಜಿಗಿದು ಬಂದುಬಿಡುತ್ತಿದ್ದೆ, ಹಾಗಾಗಿ ಆ ಲೆಕ್ಕ ಯಾವತ್ತೂ ಬೇಕಾಗಿರಲಿಲ್ಲ.

9.40ಕ್ಕೆ ತಿರುಗಿ ನೋಡಿದರೆ, ಬಂಡೆಗೂ ದಡಕ್ಕೂ ನಡುವೆ, ಬರುವಾಗ ಪಾದ ಮುಳುಗುವಷ್ಟಿದ್ದ ಕೊರಕಲಲ್ಲಿ ತೊಡೆ ಮಟ್ಟ ನೀರು. ಅಲೆ ಬೇರೆ. ಪಿಟಿ ಮೇಷ್ಟ್ರು ಆ ಕಡೆ ನಿಂತರು, ನಾನು ನಡುವೆ. ಆ ಹುಡುಗಿಯೇ ಎಲ್ಲರಿಗೂ ಹೇಳಿದ್ದು, "ಅಲೆ ಬಂದಾಗ ನಿಲ್ಲಿ, ಸರಿದಾಗ ನಡೀರಿ" ಅಂತ. ಕೈ ಕೈ ಹಿಡಿದು ದಾಟಿದರು. ಬಾರ್ನಕಲ್ ತಾಗಿ ಮೊಣಕಾಲು ಸೀಳಿದವರೂ ಇದ್ದರು.

ಎಣಿಸಿದೆ. 33. ಮತ್ತೆ ಎಣಿಸಿದೆ. 33.

ಇನ್ನೊಬ್ಬ ಹುಡುಗ ಬಂಡೆಯ ಆ ತುದಿಯಲ್ಲಿ, ಬಕೆಟ್ ಹಿಡಿದು ಕೂತಿದ್ದ. ಬ್ರಿಟಲ್ ಸ್ಟಾರನ್ನು ಎತ್ತಿದ ಜಾಗದಲ್ಲೇ ಬಿಡೋಕೆ ಹೋಗಿದ್ದನಂತೆ. ನಾನು ಹೇಳಿದ ಮಾತು. ಸೊಂಟದವರೆಗೆ ನೀರಲ್ಲಿ ಅವನನ್ನು ಹೆಗಲ ಮೇಲೆ ಹೊತ್ತು ತಂದೆ. ಅವನ ಕೈ ನನ್ನ ಕೂದಲನ್ನು ಹಿಡಿದಿದ್ದು ಇನ್ನೂ ನೆತ್ತಿಗೆ ಗೊತ್ತು.

ಆ ಹುಡುಗಿ ಈಗ ಹತ್ತನೇ ಕ್ಲಾಸು. ಈ ವರ್ಷವೂ ಹೋದೆವು. ಗೆರೆ ಎಳೆದ ಕೋಲು ನೆಟ್ಟು ಅವಳನ್ನು ಕೊರಕಲ ಹತ್ತಿರ ನಿಲ್ಲಿಸಿದ್ದೆ. ಮೊದಲ ಗೆರೆ ಮುಳುಗಿದ ಕೂಡಲೇ ಕೂಗಿದಳು. ಸನ್ಯಾಸಿ ಏಡಿ ಆಗಷ್ಟೇ ಚಿಪ್ಪಿನಿಂದ ತಲೆ ಹೊರಗೆ ಹಾಕುತ್ತಿತ್ತು. ಬಿಟ್ಟು ಎದ್ದೆವು.